ಗಡಿಯಲ್ಲಿ ನಿಂತುಹೋಗುವ ಉಚಿತ ಕರೆ

ಪರದೇಶದ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕನೊಬ್ಬನ ಪರ್ಸ್ ಕಳೆದುಹೋಗಿದೆ ಎಂದಿಟ್ಟುಕೊಳ್ಳೋಣ. ಬ್ಯಾಂಕ್ ಕಾರ್ಡನ್ನು ಕೂಡಲೇ ಸ್ಥಗಿತಗೊಳಿಸಬೇಕು. ತನ್ನ ದೇಶದಲ್ಲಿದ್ದಾಗ ಹತ್ತಾರು ಬಾರಿ ಬಳಸಿದ ಬ್ಯಾಂಕಿನ ಟೋಲ್-ಫ್ರೀ ಸಂಖ್ಯೆ ಮೊಬೈಲಿನಲ್ಲೇ ಇದೆ. ಅದನ್ನು ಒತ್ತಿದರೆ ಅರ್ಥವಾಗದ ಭಾಷೆಯಲ್ಲೊಂದು ಧ್ವನಿಮುದ್ರಿತ ಸಂದೇಶ ಕೇಳಿಬಂದು ಕರೆ ಕಡಿದುಹೋಗುತ್ತದೆ. ಮುಂದೆ ದೇಶದ ಕೋಡ್ ಸೇರಿಸಿ ಒತ್ತಿದರೂ ಅದೇ ಗತಿ. ಅದೇ ಬ್ಯಾಂಕಿನ ಮಾಮೂಲಿ ಸ್ಥಿರ ದೂರವಾಣಿಗೆ ಕರೆ ಮಾಡಿದರೆ ಮಾತ್ರ ಎರಡೇ ರಿಂಗಿಗೆ ಆ ಕಡೆಯಿಂದ ಉತ್ತರ ಬರುತ್ತದೆ. ದುಡ್ಡು ಕೊಟ್ಟು ಮಾಡುವ ಕರೆ ಸಾವಿರಾರು ಕಿಲೋಮೀಟರ್ ದಾಟಿ ಹೋಗುವಾಗ ಪುಕ್ಕಟೆ ಕರೆ ಏಕೆ ಹೊಸ್ತಿಲಲ್ಲೇ ಮುಗ್ಗರಿಸುತ್ತದೆ ಎಂಬುದು ತಿಳಿಯಬೇಕಾದರೆ ಎರಡು ಸಂಗತಿಗಳನ್ನು ಬಿಡಿಸಿ ನೋಡಬೇಕು: ಅಂಕಿಗಳನ್ನು ಯಂತ್ರ ಹೇಗೆ ಓದುತ್ತದೆ, ಮತ್ತು ಕರೆಯ ಹಣ ಯಾರ ಜೇಬಿನಿಂದ ಯಾರ ಜೇಬಿಗೆ ಹೋಗುತ್ತದೆ.

ಎಡದಿಂದ ಬಲಕ್ಕೆ, ಒಂದೊಂದೇ ಅಂಕಿ

ಮಾದರಿಗಾಗಿ +44 20 7946 0123 ಎಂಬ ಸಂಖ್ಯೆಯನ್ನು ತೆಗೆದುಕೊಳ್ಳೋಣ. ಇದಕ್ಕೆ ಕರೆ ಮಾಡಿದರೆ ಯಾರ ಮನೆಯ ಫೋನೂ ಮೊಳಗುವುದಿಲ್ಲ; ಬ್ರಿಟನ್ನಿನ ದೂರಸಂಪರ್ಕ ನಿಯಂತ್ರಕ ಸಂಸ್ಥೆಯಾದ ಆಫ್‌ಕಾಮ್ ನಾಟಕ, ಸಿನಿಮಾಗಳಲ್ಲಿ ತೋರಿಸಲೆಂದೇ ತೆಗೆದಿರಿಸಿದ ಸಂಖ್ಯೆಗಳ ಗುಂಪಿಗೆ ಇದು ಸೇರಿದೆ. ಇದರಲ್ಲಿ 44 ಎಂಬುದು ಬ್ರಿಟನ್ನಿನ ದೇಶ ಕೋಡ್, 20 ಎಂಬುದು ಲಂಡನ್ ಪ್ರದೇಶದ ಕೋಡ್, ಉಳಿದ ಎಂಟು ಅಂಕಿಗಳು ಆ ಪ್ರದೇಶದೊಳಗಿನ ಒಬ್ಬ ಚಂದಾದಾರನನ್ನು ಗುರುತಿಸುತ್ತವೆ. ಅಂಚೆಯ ಲಕೋಟೆಯ ಮೇಲೆ ನಾವು ವ್ಯಕ್ತಿಯ ಹೆಸರನ್ನು ಮೊದಲು ಬರೆದು ದೇಶದ ಹೆಸರನ್ನು ಕೊನೆಗೆ ಬರೆಯುತ್ತೇವೆ, ಆದರೆ ಪತ್ರಗಳನ್ನು ವಿಂಗಡಿಸುವವನು ಓದುವುದು ಕೆಳಗಿನಿಂದ ಮೇಲಕ್ಕೆ: ಮೊದಲು ದೇಶ, ಆಮೇಲೆ ಊರು, ಬೀದಿ, ಕೊನೆಗೆ ಹೆಸರು. ದೂರವಾಣಿ ಸಂಖ್ಯೆಯನ್ನು ಆರಂಭದಿಂದಲೇ ವಿಂಗಡಿಸುವವನ ಅನುಕೂಲಕ್ಕೆ ತಕ್ಕಂತೆ ಬರೆಯಲಾಗುತ್ತದೆ. ಕರೆ ಹೊರಟ ಎಕ್ಸ್‌ಚೇಂಜ್‌ಗೆ ಕೊನೆಯ ನಾಲ್ಕು ಅಂಕಿಗಳ ಗೊಡವೆಯೇ ಇಲ್ಲ. 44 ಎಂದು ಓದಿದ ಕೂಡಲೇ ಅದು ಕರೆಯನ್ನು ಬ್ರಿಟನ್ನಿನ ಕಡೆಗೆ ದಾಟಿಸಿ ಕೈತೊಳೆದುಕೊಳ್ಳುತ್ತದೆ. ಮುಂದಿನದನ್ನು ಓದುವ ಕೆಲಸ ಆ ಕಡೆಯವರದು.

ಸಂಖ್ಯೆಯ ಮುಂದಿರುವ ಕೂಡಿಸುವ ಚಿಹ್ನೆ ಅಲಂಕಾರಕ್ಕಾಗಿ ಇಟ್ಟದ್ದಲ್ಲ. ದೇಶದಿಂದ ಹೊರಹೋಗುವ ಕರೆ ಇದು ಎಂದು ಎಕ್ಸ್‌ಚೇಂಜ್‌ಗೆ ತಿಳಿಸಲು ಒಂದು ಮುನ್ಸೂಚನೆ ಬೇಕು, ಮತ್ತು ಆ ಮುನ್ಸೂಚನೆ ಎಲ್ಲೆಡೆ ಒಂದೇ ಆಗಿಲ್ಲ. ಬಹುತೇಕ ದೇಶಗಳಲ್ಲಿ ಅದು 00, ಅಮೆರಿಕ ಮತ್ತು ಕೆನಡಾಗಳಲ್ಲಿ 011, ಜಪಾನಿನಲ್ಲಿ 010, ಆಸ್ಟ್ರೇಲಿಯಾದಲ್ಲಿ 0011. ಸ್ಥಿರ ದೂರವಾಣಿಯಿಂದ ಕರೆ ಮಾಡುವವರು ತಾವಿರುವ ದೇಶದ ಮುನ್ಸೂಚನೆಯನ್ನು ತಾವೇ ಒತ್ತಬೇಕು. ಮೊಬೈಲಿನಲ್ಲಿ + ಒತ್ತಿದರೆ ಇದು ಅಂತರರಾಷ್ಟ್ರೀಯ ಸಂಖ್ಯೆ ಎಂಬ ಗುರುತು ಜಾಲಕ್ಕೆ ತಲುಪುತ್ತದೆ, ಫೋನು ಯಾವ ದೇಶದಲ್ಲಿದ್ದರೂ ಸರಿಯೇ. ಸಂಖ್ಯೆಗಳನ್ನೆಲ್ಲ + ಸಹಿತ ಉಳಿಸಿಕೊಂಡವರಿಗೆ ಪ್ರಯಾಣದಲ್ಲಿ ಅರ್ಧ ತೊಂದರೆ ತಪ್ಪುವುದು ಇದರಿಂದಲೇ.

ಇನ್ನೊಂದು ಗೊಂದಲ ಸೊನ್ನೆಯದು. ಬ್ರಿಟನ್ನಿನೊಳಗೆ ಮೇಲಿನ ಸಂಖ್ಯೆಯನ್ನು 020 7946 0123 ಎಂದು ಬರೆಯುತ್ತಾರೆ. ಆ ಮೊದಲ ಸೊನ್ನೆ ಕರೆ ತನ್ನ ಪ್ರದೇಶದಿಂದ ಹೊರಗೆ, ಆದರೆ ದೇಶದೊಳಗೆ ಹೋಗಬೇಕು ಎಂಬ ಸೂಚನೆ ಮಾತ್ರ. ಅದು ಸಂಖ್ಯೆಯ ಭಾಗವಲ್ಲ, ಹಾಗಾಗಿ ಹೊರದೇಶದಿಂದ ಕರೆ ಮಾಡುವಾಗ ಬಿಟ್ಟುಬಿಡಬೇಕು. ಈ ನಿಯಮವನ್ನು ಬಾಯಿಪಾಠ ಮಾಡಿಕೊಂಡವರನ್ನು ಇಟಲಿ ಎಡವಿಸುತ್ತದೆ. ಅಲ್ಲಿ 1998ರಿಂದ ಸ್ಥಿರ ದೂರವಾಣಿಯ ಮೊದಲ ಸೊನ್ನೆ ಸಂಖ್ಯೆಯ ಒಳಗೇ ಸೇರಿಹೋಗಿದೆ, ರೋಮ್ ನಗರಕ್ಕೆ ಎಲ್ಲಿಂದ ಕರೆ ಮಾಡಿದರೂ +39 06 ಎಂದೇ ಒತ್ತಬೇಕು.

ಜಗತ್ತನ್ನು ಅಂಕಿಗಳಲ್ಲಿ ಹಂಚಿದ ಬಗೆ

ಈ ಕೋಡ್‌ಗಳನ್ನು ಹಂಚುವುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ, ಅಂದರೆ ಐಟಿಯು. 1865ರಲ್ಲಿ ಪ್ಯಾರಿಸ್‌ನಲ್ಲಿ ಟೆಲಿಗ್ರಾಫ್‌ಗಾಗಿ ಹುಟ್ಟಿದ ಈ ಸಂಸ್ಥೆ ಈಗ ಜಿನೀವಾದಲ್ಲಿ ನೆಲೆಸಿರುವ ವಿಶ್ವಸಂಸ್ಥೆಯ ಅಂಗಸಂಸ್ಥೆ. ಸಂಖ್ಯೆ ಹೇಗಿರಬೇಕೆಂದು ಹೇಳುವ ಅದರ ನಿಯಮಾವಳಿಗೆ ಇ.164 ಎಂಬ ಒಣ ಹೆಸರಿದೆ. ದೇಶ ಕೋಡ್ 1ರಿಂದ 3 ಅಂಕಿಗಳಷ್ಟಿರಬಹುದು, ದೇಶ ಕೋಡ್ ಸೇರಿ ಇಡೀ ಸಂಖ್ಯೆ 15 ಅಂಕಿಗಳನ್ನು ಮೀರುವಂತಿಲ್ಲ. ಈ ಮಿತಿ ಹಿಂದೆ 12 ಇತ್ತು; 1996ರ ಕೊನೆಯ ದಿನದಿಂದ 15 ಆಯಿತು.

1960ರ ದಶಕದಲ್ಲಿ ರೂಪುಗೊಂಡ ಯೋಜನೆಯಲ್ಲಿ ಮೊದಲ ಅಂಕಿ ಭೂಭಾಗವನ್ನು ಸೂಚಿಸುತ್ತದೆ. 1 ಉತ್ತರ ಅಮೆರಿಕಕ್ಕೆ, 2 ಮುಖ್ಯವಾಗಿ ಆಫ್ರಿಕಕ್ಕೆ, 3 ಮತ್ತು 4 ಯುರೋಪಿಗೆ, 5 ಲ್ಯಾಟಿನ್ ಅಮೆರಿಕಕ್ಕೆ, 6 ಆಗ್ನೇಯ ಏಷ್ಯಾ ಮತ್ತು ಓಷಿಯಾನಿಯಾಕ್ಕೆ, 7 ಅಂದಿನ ಸೋವಿಯತ್ ಒಕ್ಕೂಟಕ್ಕೆ, 8 ಮುಖ್ಯವಾಗಿ ಪೂರ್ವ ಏಷ್ಯಾಕ್ಕೆ, 9 ಪಶ್ಚಿಮ, ಮಧ್ಯ ಮತ್ತು ದಕ್ಷಿಣ ಏಷ್ಯಾಕ್ಕೆ. ಯುರೋಪಿಗೆ ಎರಡು ಅಂಕಿಗಳು ಸಿಕ್ಕಿದ್ದು ಅಲ್ಲಿ ಆ ಕಾಲಕ್ಕೆ ಫೋನುಗಳೂ ದೇಶಗಳೂ ಒತ್ತೊತ್ತಾಗಿದ್ದ ಕಾರಣ.

ಈ ಕೋಡ್‌ಗಳ ಉದ್ದ ಒಂದೇ ಸಮನಾಗಿಲ್ಲ, ಆದರೂ ಯಂತ್ರಕ್ಕೆ ಎಲ್ಲೂ ಗೊಂದಲವಾಗುವುದಿಲ್ಲ. ಯಾವ ದೇಶದ ಕೋಡೂ ಇನ್ನೊಂದು ದೇಶದ ಕೋಡ್‌ನ ಆರಂಭವಾಗುವಂತಿಲ್ಲ ಎಂಬ ಕಟ್ಟಳೆಯೇ ಇದಕ್ಕೆ ಕಾರಣ. 91 ಭಾರತಕ್ಕೆ ಸಿಕ್ಕಿದೆ, ಆದ್ದರಿಂದ 910 ಅಥವಾ 915 ಎಂಬ ದೇಶ ಕೋಡ್ ಇಲ್ಲ, ಇರಲಾರದು. 9 ಮತ್ತು 1 ಬಿದ್ದೊಡನೆ ದೇಶ ಯಾವುದೆಂದು ಇತ್ಯರ್ಥವಾಯಿತು. ಆದರೆ 97 ಎಂಬುದು ಯಾವ ದೇಶಕ್ಕೂ ಸೇರಿಲ್ಲ, ಯಂತ್ರ ಇನ್ನೊಂದು ಅಂಕಿಗಾಗಿ ಕಾಯಲೇಬೇಕು: 971 ಬಂದರೆ ಸಂಯುಕ್ತ ಅರಬ್ ಎಮಿರೇಟ್ಸ್, 977 ಬಂದರೆ ನೇಪಾಳ. ಎಲ್ಲಿ ನಿಲ್ಲಬೇಕೆಂದು ಸಂಖ್ಯೆಯೇ ಹೇಳುತ್ತದೆ, ನಡುವೆ ಅಲ್ಪವಿರಾಮ ಬೇಕಿಲ್ಲ.

ರಾಜಕೀಯ ಭೂಪಟ ಬದಲಾದಾಗ ಈ ಅಂಕಿಗಳೂ ಬದಲಾಗುತ್ತವೆ. ಪೂರ್ವ ಜರ್ಮನಿಯ ಕೋಡ್ 37 ಆಗಿತ್ತು. ಎರಡು ಜರ್ಮನಿಗಳು ಒಂದಾಗಿ 49 ಸಾಕೆನಿಸಿದ ಮೇಲೆ 37ನ್ನು ಹತ್ತು ತುಂಡು ಮಾಡಲಾಯಿತು. 370 ಲಿಥುವೇನಿಯಾಕ್ಕೆ, 371 ಲಾಟ್ವಿಯಾಕ್ಕೆ, 372 ಎಸ್ಟೋನಿಯಾಕ್ಕೆ, 377 ಮೊನಾಕೋಗೆ ಹೋದವು. ಯುಗೋಸ್ಲಾವಿಯಾ ಒಡೆದಾಗ ಅದರ 38 ಕೂಡ ಹೀಗೆಯೇ ಪಾಲಾಯಿತು: 381 ಸರ್ಬಿಯಾ, 385 ಕ್ರೊಯೇಷಿಯಾ. ಚೆಕೊಸ್ಲೊವಾಕಿಯಾದ 42 ಈಗ 420 ಮತ್ತು 421.

ಒಂದು ದೇಶಕ್ಕೆ ಒಂದು ಕೋಡ್ ಎಂಬುದೂ ಪೂರ್ತಿ ನಿಜವಲ್ಲ. +7 ಅನ್ನು ರಷ್ಯಾ ಮತ್ತು ಕಜಾಕ್‌ಸ್ತಾನ ಹಂಚಿಕೊಂಡಿವೆ. +1 ಅಮೆರಿಕದ್ದೆಂದು ಸಾಮಾನ್ಯವಾಗಿ ತಿಳಿಯುತ್ತಾರೆ, ಆದರೆ ಕೆನಡಾ, ಜಮೈಕಾ, ಡೊಮಿನಿಕನ್ ಗಣರಾಜ್ಯ, ಬಾರ್ಬಡೋಸ್ ಮುಂತಾದ ಹಲವು ದೇಶ, ದ್ವೀಪಗಳು ಅದೇ ಕೋಡ್‌ನ ಕೆಳಗಿವೆ. ಈ ಕೂಡುಕುಟುಂಬದ ಮೂಲ 1947ರಲ್ಲಿ ಎಟಿ ಅಂಡ್ ಟಿ ಕಂಪನಿ ರೂಪಿಸಿದ ಉತ್ತರ ಅಮೆರಿಕದ ಸಂಖ್ಯಾ ಯೋಜನೆ. ಆ ಕಾಲದ ಫೋನುಗಳಲ್ಲಿ ತಿರುಗುವ ಡಯಲ್ ಇತ್ತು. 1 ತಿರುಗಿಸಿದರೆ ಒಂದು ಮಿಡಿತ, 9ಕ್ಕೆ ಒಂಬತ್ತು, ಸೊನ್ನೆಗೆ ಹತ್ತು. ಹೆಚ್ಚು ಕರೆಗಳು ಬರುವ ಜಾಗಗಳಿಗೆ ಬೇಗ ತಿರುಗಿಸಬಹುದಾದ ಅಂಕಿಗಳನ್ನು ಕೊಟ್ಟರು. ನ್ಯೂಯಾರ್ಕ್‌ಗೆ ಸಿಕ್ಕಿದ 212ಕ್ಕೆ ಒಟ್ಟು ಐದೇ ಮಿಡಿತ. ಆಮೇಲೆ ಸೇರಿದ ಅಲಾಸ್ಕಾದ 907ಕ್ಕೆ ಇಪ್ಪತ್ತಾರು. ಡಯಲ್‌ಗಳು ಮೂಲೆ ಸೇರಿ ಎಷ್ಟೋ ಕಾಲವಾಯಿತು, ಆ ಲೆಕ್ಕ ಮಾತ್ರ ಸಂಖ್ಯೆಗಳೊಳಗೆ ಹಾಗೆಯೇ ಉಳಿದಿದೆ.

ಕರೆಯ ಹಿಂದೆ ಓಡುವ ಹಣ

ಅಟ್ಲಾಂಟಿಕ್‌ನ ಎರಡು ದಡಗಳ ನಡುವೆ 1927ರಲ್ಲಿ ರೇಡಿಯೋ ಮೂಲಕ ದೂರವಾಣಿ ಸೇವೆ ಆರಂಭವಾದಾಗ ಮೊದಲ ಮೂರು ನಿಮಿಷಕ್ಕೆ 75 ಡಾಲರ್ ದರವಿತ್ತು, ಪ್ರತಿ ಕರೆಯನ್ನೂ ಆಪರೇಟರ್‌ಗಳು ಕೈಯಾರೆ ಜೋಡಿಸುತ್ತಿದ್ದರು. ಚಂದಾದಾರರು ತಾವೇ ಡಯಲ್ ಮಾಡಿ ಲಂಡನ್ನಿನಿಂದ ಪ್ಯಾರಿಸ್‌ಗೆ ಮಾತನಾಡುವುದು 1963ರಲ್ಲಿ ಸಾಧ್ಯವಾಯಿತು. ಜೋಡಿಸುವ ಕೆಲಸ ಯಂತ್ರಕ್ಕೆ ಹೋದರೂ ಹಣದ ಮೂಲ ಸೂತ್ರ ಬದಲಾಗಲಿಲ್ಲ.

ಒಂದು ದೇಶದ ಚಂದಾದಾರ ಇನ್ನೊಂದು ದೇಶಕ್ಕೆ ಕರೆ ಮಾಡಿದಾಗ ಅವನಿಂದ ಹಣ ಪಡೆಯುವುದು ಅವನ ಕಂಪನಿ. ಆ ಹಣವನ್ನೆಲ್ಲ ಅದು ಇಟ್ಟುಕೊಳ್ಳುವಂತಿಲ್ಲ. ಕರೆಯನ್ನು ಕೊನೆಯ ಫೋನಿನವರೆಗೆ ಮುಟ್ಟಿಸಿದ ಆ ಕಡೆಯ ಕಂಪನಿಗೆ ನಿಮಿಷಕ್ಕಿಷ್ಟು ಎಂದು ತಲುಪಿಸುವ ಕೂಲಿ ಕೊಡಬೇಕು. ನಡುವೆ ಬೇರೆ ಕಂಪನಿಯ ಜಾಲ ಬಳಸಿದ್ದರೆ ಅವರಿಗೂ ಒಂದು ಪಾಲು. ಈ ಲೆಕ್ಕವನ್ನು ಕಂಪನಿಗಳು ಕಾಲಕಾಲಕ್ಕೆ ಪರಸ್ಪರ ಚುಕ್ತಾ ಮಾಡಿಕೊಳ್ಳುತ್ತವೆ. ಹಣ ಕರೆಯ ಜೊತೆಯಲ್ಲೇ, ಕರೆ ಸಾಗಿದ ದಿಕ್ಕಿನಲ್ಲೇ ಸಾಗುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು, ಏಕೆಂದರೆ ಟೋಲ್-ಫ್ರೀ ಕರೆಯಲ್ಲಿ ತಿರುಗುಮುರುಗಾಗುವುದು ಇದೇ.

ಟೋಲ್-ಫ್ರೀ ಸಂಖ್ಯೆಯ ಒಳಗೇನಿದೆ

ಟೋಲ್-ಫ್ರೀ ಎಂದರೆ ಖರ್ಚಿಲ್ಲದ ಕರೆ ಎಂದು ಅರ್ಥವಲ್ಲ. ಖರ್ಚು ಕರೆ ಪಡೆದವನ ಲೆಕ್ಕಕ್ಕೆ ಹೋಗುತ್ತದೆ ಎಂದು ಅರ್ಥ. ಆಪರೇಟರ್‌ಗಳಿದ್ದ ಕಾಲದಲ್ಲಿ ಕರೆ ಸ್ವೀಕರಿಸುವವನನ್ನು ಕೇಳಿ, ಒಪ್ಪಿದರೆ ಅವನ ಬಿಲ್ಲಿಗೆ ಸೇರಿಸುತ್ತಿದ್ದರು. ಇದನ್ನು ಕಲೆಕ್ಟ್ ಕಾಲ್ ಎನ್ನುತ್ತಾರೆ. ಪ್ರತಿ ಸಲ ಕೇಳುವುದರ ಬದಲು ವ್ಯಾಪಾರ ಸಂಸ್ಥೆಯೊಂದು ಬರುವ ಕರೆಗಳೆಲ್ಲವನ್ನೂ ಮೊದಲೇ ಒಪ್ಪಿಕೊಂಡುಬಿಟ್ಟರೆ ಅದೇ ಟೋಲ್-ಫ್ರೀ. ಅಮೆರಿಕದಲ್ಲಿ ಎಟಿ ಅಂಡ್ ಟಿ 1967ರಲ್ಲಿ 800 ಸಂಖ್ಯೆಗಳನ್ನು ಆರಂಭಿಸಿದಾಗ ಆಪರೇಟರ್‌ನ ಆ ಪ್ರಶ್ನೋತ್ತರ ಬೇಡವಾಯಿತು.

ಇಂದಿನ ಟೋಲ್-ಫ್ರೀ ಸಂಖ್ಯೆ ಯಾವ ಫೋನಿನ ಸಂಖ್ಯೆಯೂ ಅಲ್ಲ. ಅದೊಂದು ಅಡ್ಡಹೆಸರು. ಊರಿನಲ್ಲಿ ಎಲ್ಲರೂ ಅಡ್ಡಹೆಸರಿನಿಂದಲೇ ಕರೆಯುವ ಒಬ್ಬನಿಗೆ ಪತ್ರ ಬಂದರೆ ಅಂಚೆಯವನಿಗೆ ಅವನ ಮನೆ ಗೊತ್ತಿರುತ್ತದೆ. ಪರಊರಿನ ಅಂಚೆಯವನಿಗೆ ಆ ಹೆಸರಿನಿಂದ ಏನೂ ತಿಳಿಯದು. 800 ಸಂಖ್ಯೆಯ ಕರೆ ಬಂದಾಗ ಎಕ್ಸ್‌ಚೇಂಜ್ ಕರೆಯನ್ನು ಒಂದು ಗಳಿಗೆ ತಡೆಹಿಡಿದು ಕೇಂದ್ರ ದತ್ತಾಂಶ ಕೋಶವೊಂದನ್ನು ವಿಚಾರಿಸುತ್ತದೆ: ಈ ಹೆಸರಿನ ನಿಜವಾದ ಸಂಖ್ಯೆ ಯಾವುದು, ಬಿಲ್ಲು ಯಾರಿಗೆ? ಉತ್ತರ ಬಂದ ಮೇಲೆ ಕರೆ ಮಾಮೂಲಿ ಸಂಖ್ಯೆಯೊಂದಕ್ಕೆ ಹೋಗುತ್ತದೆ. ಕರೆ ಮಾಡಿದವನಿಗೆ ಇದಾವುದೂ ಕಾಣುವುದಿಲ್ಲ. 1980ರ ದಶಕದ ಆರಂಭದಲ್ಲಿ ಬಂದ ಈ ವ್ಯವಸ್ಥೆಯಿಂದಾಗಿ ಹಗಲಿನ ಕರೆಯನ್ನು ಒಂದು ಊರಿನ ಕಚೇರಿಗೂ ರಾತ್ರಿಯ ಕರೆಯನ್ನು ಇನ್ನೊಂದು ಊರಿನ ಕಚೇರಿಗೂ ಕಳಿಸಬಹುದಾಯಿತು. 1993ರಿಂದ ಅಮೆರಿಕದ ಸಂಸ್ಥೆಗಳು ದೂರವಾಣಿ ಕಂಪನಿ ಬದಲಿಸಿದರೂ ತಮ್ಮ 800 ಸಂಖ್ಯೆಯನ್ನು ಉಳಿಸಿಕೊಳ್ಳುವಂತಾಯಿತು. ಬೇಡಿಕೆ ಎಷ್ಟು ಬೆಳೆಯಿತೆಂದರೆ 1996ರಲ್ಲಿ 888 ಸೇರಿಸಬೇಕಾಯಿತು, ಆಮೇಲೆ 877, 866, 855, 844, 833 ಒಂದರ ಹಿಂದೊಂದು ಬಂದವು.

ಈ ದತ್ತಾಂಶ ಕೋಶ ಪ್ರತಿ ದೇಶದ, ಅಥವಾ +1ರಂಥ ಒಂದು ಕೂಟದ, ಸ್ವಂತ ಸೊತ್ತು. ಅದರೊಳಗಿನ ಬರಹ ಹೊರಗಿನವರ ಯಂತ್ರಗಳಿಗೆ ಸಿಗುವುದಿಲ್ಲ.

ಗಡಿಯಲ್ಲಿ ಏಕೆ ನಿಲ್ಲುತ್ತದೆ

ಬರೆದುಕೊಟ್ಟವರೇ ಅಂಚೆಚೀಟಿ ಹಚ್ಚಿ ಉತ್ತರಕ್ಕೆಂದು ಇಟ್ಟ ಲಕೋಟೆಯನ್ನು ನೆನಪಿಸಿಕೊಳ್ಳಬಹುದು. ಆ ದೇಶದೊಳಗೆ ಯಾವ ಪೆಟ್ಟಿಗೆಗೆ ಹಾಕಿದರೂ ಅದು ತಲುಪುತ್ತದೆ. ಅದೇ ಲಕೋಟೆಯನ್ನು ಬೇರೆ ದೇಶದ ಅಂಚೆ ಪೆಟ್ಟಿಗೆಗೆ ಹಾಕಿದರೆ ಅಲ್ಲಿನ ಅಂಚೆ ಇಲಾಖೆಗೆ ಆ ಚೀಟಿ ಬರೀ ಬಣ್ಣದ ಕಾಗದ, ಏಕೆಂದರೆ ಆ ಚೀಟಿಯ ಹಣ ಅವರಿಗೆ ಬಂದಿಲ್ಲ. ಟೋಲ್-ಫ್ರೀ ಸಂಖ್ಯೆಗೂ ಆಗುವುದು ಹೀಗೆಯೇ. ಕರೆ ಹೊರಟ ದೇಶದ ಕಂಪನಿ ತನ್ನ ಜಾಲವನ್ನು ಬಳಸಲು ಕೊಡಬೇಕು, ಆದರೆ ಕರೆ ಮಾಡಿದವನಿಂದ ಹಣ ಪಡೆಯುವಂತಿಲ್ಲ. ಹಾಗಾದರೆ ಹಣ ಆ ಕಡೆಯಿಂದ, ಕರೆಗೆ ಎದುರು ದಿಕ್ಕಿನಲ್ಲಿ ಹರಿದು ಬರಬೇಕು. ಅದಕ್ಕೆ ಮುಂಚಿತವಾಗಿ ಒಪ್ಪಂದವಿಲ್ಲದಿದ್ದರೆ ಕಂಪನಿ ಕರೆಯನ್ನು ನಿರಾಕರಿಸುತ್ತದೆ. ಸಂಖ್ಯೆಯ ಒಡೆಯನೂ ಹಲವು ಬಾರಿ ತಾನಾಗಿಯೇ ಬಾಗಿಲು ಹಾಕಿಕೊಳ್ಳುತ್ತಾನೆ. ಒಂದೇ ದೇಶದಲ್ಲಿ ವ್ಯಾಪಾರ ಮಾಡುವವನು ಭೂಮಿಯ ಆಚೆ ಬದಿಯಿಂದ ಬರುವ ದುಬಾರಿ ಕರೆಗಳಿಗೆ ಏಕೆ ಹಣ ತೆರಬೇಕು?

ಇದರ ಜೊತೆಗೆ ಒಂದೇ ಅಂಕಿಗಳು ಬೇರೆ ಬೇರೆ ದೇಶಗಳಲ್ಲಿ ಬೇರೆ ಬೇರೆಯವರಿಗೆ ಸೇರಿರುತ್ತವೆ. ಟೋಲ್-ಫ್ರೀ ಸಂಖ್ಯೆಗಳು ಭಾರತದಲ್ಲೂ ಆಸ್ಟ್ರೇಲಿಯಾದಲ್ಲೂ 1800ರಿಂದ ಆರಂಭವಾಗುತ್ತವೆ, ಆದರೆ ಇವುಗಳಿಗೂ ಅವುಗಳಿಗೂ ಯಾವ ನಂಟೂ ಇಲ್ಲ. ಬ್ರಿಟನ್ನಿನಲ್ಲಿ 0800, ಜಪಾನಿನಲ್ಲಿ ಬಹುಕಾಲದಿಂದ 0120. ಪರದೇಶದ ಸಿಮ್ ಹಾಕಿಕೊಂಡು ಕೋಡ್ ಇಲ್ಲದೆ ಒತ್ತಿದ ಸಂಖ್ಯೆಯನ್ನು ಆ ದೇಶದ ಯಂತ್ರ ತನ್ನ ಪಟ್ಟಿಯಲ್ಲೇ ಹುಡುಕುತ್ತದೆ.

ಕೆಲವೊಮ್ಮೆ ಕರೆ ತಲುಪುವುದೂ ಉಂಟು. +1 800 ಎಂದು ಒತ್ತಿದಾಗ ಕೆಲವು ಜಾಲಗಳು, ಈ ಕರೆ ಉಚಿತವಲ್ಲ ಎಂಬ ಎಚ್ಚರಿಕೆಯೊಂದಿಗೆ, ಸಾಮಾನ್ಯ ಅಂತರರಾಷ್ಟ್ರೀಯ ದರದಲ್ಲಿ ಜೋಡಿಸಿಕೊಡುತ್ತವೆ. ರೋಮಿಂಗ್‌ನಲ್ಲಿದ್ದಾಗ ಕರೆಯ ಭಾಗವೇ ಉಚಿತವಾದರೂ ಪರರ ಜಾಲ ಬಳಸಿದ್ದಕ್ಕೆ ಶುಲ್ಕ ಬೀಳಬಹುದು. ದೇಶದೊಳಗೂ ಉಚಿತ ಎಂಬುದು ಒಪ್ಪಂದಕ್ಕೆ ಕಟ್ಟುಬಿದ್ದ ಮಾತೇ: ಬ್ರಿಟನ್ನಿನಲ್ಲಿ ಮೊಬೈಲಿನಿಂದ 0800 ಸಂಖ್ಯೆಗೆ ಕರೆ ಮಾಡಿದರೆ ಹಣ ಕೊಡಬೇಕಾಗುತ್ತಿತ್ತು, 2015ರ ಜುಲೈ 1ರಂದು ನಿಯಮ ಬದಲಾದ ಮೇಲಷ್ಟೇ ಅದು ಉಚಿತವಾಯಿತು.

ಇದೇ ದಾರಿಯಲ್ಲಿ ಬರುವ ಮೋಸ

ಹಣದ ಹರಿವು ಅರ್ಥವಾದರೆ ಮಿಸ್ಡ್ ಕಾಲ್ ಮೋಸವೂ ಅರ್ಥವಾಗುತ್ತದೆ. ಒಂದೇ ರಿಂಗ್ ಕೊಟ್ಟು ಕಡಿದುಬಿಡುವ ಈ ತಂತ್ರವನ್ನು ಜಪಾನಿ ಮಾತಿನಲ್ಲಿ ವಾಂಗಿರಿ ಎನ್ನುತ್ತಾರೆ, ಅರ್ಥವೂ ಅದೇ. ಕುತೂಹಲದಿಂದ ವಾಪಸ್ ಕರೆ ಮಾಡಿದವನು ಹೆಚ್ಚಿನ ತಲುಪಿಸುವ ಕೂಲಿ ಇರುವ ಸಂಖ್ಯೆಗೆ ಕರೆ ಮಾಡಿರುತ್ತಾನೆ. ಆ ಕೂಲಿಯ ಒಂದು ಪಾಲು ಮೋಸಗಾರನಿಗೆ ಸಲ್ಲುತ್ತದೆ. ಇದು ಟೋಲ್-ಫ್ರೀಯ ತದ್ವಿರುದ್ಧ: ಅಲ್ಲಿ ಕರೆ ಪಡೆದವನು ಹಣ ಕೊಡುತ್ತಾನೆ, ಇಲ್ಲಿ ಕರೆ ಪಡೆದವನು ಹಣ ಗಳಿಸುತ್ತಾನೆ. +1 ಕುಟುಂಬದೊಳಗೆ ಈ ಮೋಸಕ್ಕೆ ವಿಶೇಷ ಅನುಕೂಲವಿದೆ. ಜಮೈಕಾದ 876 ಅಮೆರಿಕದವನ ಕಣ್ಣಿಗೆ ತನ್ನದೇ ದೇಶದ ಯಾವುದೋ ರಾಜ್ಯದ ಕೋಡ್‌ನಂತೆ ಕಾಣುತ್ತದೆ, ಬಿಲ್ಲು ಬಂದಾಗಲೇ ಅದು ಪರದೇಶವೆಂದು ತಿಳಿಯುವುದು.

ಗಡಿ ದಾಟಿಸುವ ದಾರಿಗಳು

ಹಲವು ದೇಶಗಳಲ್ಲಿ ಗ್ರಾಹಕರಿರುವ ಸಂಸ್ಥೆಗಳು ಸಾಮಾನ್ಯವಾಗಿ ಆಯಾ ದೇಶದಲ್ಲೇ ಒಂದೊಂದು ಟೋಲ್-ಫ್ರೀ ಸಂಖ್ಯೆ ಪಡೆದು, ಎಲ್ಲವನ್ನೂ ಒಂದೇ ಕಚೇರಿಗೆ ತಿರುಗಿಸುತ್ತವೆ. ಕರೆ ಮಾಡಿದವನಿಗೆ ಅದು ತನ್ನ ದೇಶದ ಉಚಿತ ಸಂಖ್ಯೆ, ಗಡಿ ದಾಟಿಸುವ ಖರ್ಚು ಸಂಸ್ಥೆಯದು. ವಿಮಾನ ಕಂಪನಿಗಳ ಜಾಲತಾಣದಲ್ಲಿ ದೇಶವಾರು ಸಂಖ್ಯೆಗಳ ಉದ್ದನೆಯ ಪಟ್ಟಿ ಇರುವುದು ಈ ಕಾರಣಕ್ಕೆ.

ಎಲ್ಲ ದೇಶಗಳಿಗೂ ಒಂದೇ ಉಚಿತ ಸಂಖ್ಯೆ ಇರಬಾರದೇ ಎಂಬ ಪ್ರಶ್ನೆಗೆ ಐಟಿಯು 1990ರ ದಶಕದಲ್ಲಿ ಉತ್ತರ ಕೊಟ್ಟಿತು. 800 ಎಂಬುದನ್ನು ಯಾವ ದೇಶಕ್ಕೂ ಸೇರದ ದೇಶ ಕೋಡ್ ಎಂದು ಗೊತ್ತುಪಡಿಸಿ, ಅದರ ಮುಂದೆ ಎಂಟು ಅಂಕಿಗಳ ಸಾರ್ವತ್ರಿಕ ಅಂತರರಾಷ್ಟ್ರೀಯ ಉಚಿತ ಸಂಖ್ಯೆಗಳನ್ನು ಅದು ನೇರವಾಗಿ ನೋಂದಾಯಿಸುತ್ತದೆ. ಎಂಟು ಅಂಕಿಗಳಲ್ಲಿ 10 ಕೋಟಿ ಸಂಖ್ಯೆಗಳಿಗೆ ಜಾಗವಿದೆ. ಕರೆ ಮಾಡುವವನು ಹೊರಹೋಗುವ ಮುನ್ಸೂಚನೆ ಒತ್ತಿ, ನಂತರ 800 ಮತ್ತು ಆ ಎಂಟು ಅಂಕಿಗಳನ್ನು ಒತ್ತಬೇಕು. ಇದನ್ನು ಅಮೆರಿಕದ 800ರೊಂದಿಗೆ ಕಲಸಿಕೊಳ್ಳುವುದು ಬಹಳ ಸುಲಭ, ಏಕೆಂದರೆ ಎರಡರಲ್ಲೂ + ಚಿಹ್ನೆಯ ನಂತರ ಹನ್ನೊಂದೇ ಅಂಕಿಗಳು. +1 800 ಎಂದಿದ್ದರೆ ಅಮೆರಿಕದ ಕುಟುಂಬದ್ದು, +800 ಎಂದೇ ಆರಂಭವಾದರೆ ಸಾರ್ವತ್ರಿಕ. ಇದೇ ಬಗೆಯಲ್ಲಿ ಖರ್ಚನ್ನು ಇಬ್ಬರೂ ಹಂಚಿಕೊಳ್ಳುವ ಕರೆಗಳಿಗೆ 808, ಹೆಚ್ಚುವರಿ ದರದ ಸೇವೆಗಳಿಗೆ 979 ಮೀಸಲಾಗಿವೆ.

ಹೆಸರಿನಲ್ಲಿ ಸಾರ್ವತ್ರಿಕವಾದರೂ ಇದು ಎಲ್ಲೆಡೆ ತಾನಾಗಿ ಕೆಲಸ ಮಾಡುವುದಿಲ್ಲ. ಐಟಿಯು ಅಂಕಿಗಳನ್ನು ಕೊಡುತ್ತದೆ, ಕರೆಗಳನ್ನು ಸಾಗಿಸುವುದಿಲ್ಲ. ಸಂಖ್ಯೆ ಪಡೆದ ಸಂಸ್ಥೆ ತನಗೆ ಬೇಕಾದ ಪ್ರತಿ ದೇಶದ ದೂರವಾಣಿ ಕಂಪನಿಯೊಂದಿಗೂ ಬೇರೆ ಬೇರೆಯಾಗಿ ವ್ಯವಸ್ಥೆ ಮಾಡಿಕೊಳ್ಳಬೇಕು, ಮತ್ತು ಎಲ್ಲ ದೇಶಗಳೂ ಈ ಸೇವೆಗೆ ಸೇರಿಲ್ಲ. ಮತ್ತೆ ಅದೇ ಅಂಚೆಚೀಟಿಯ ಕಥೆ: ಲಕೋಟೆಯ ಮೇಲೆ ವಿಳಾಸ ಎಷ್ಟೇ ಸರಿಯಿರಲಿ, ಹಣ ಸಂದಾಯವಾಗುವ ಏರ್ಪಾಡು ಇರಬೇಕು.

ವಿಮಾನ ನಿಲ್ದಾಣದಲ್ಲಿ ನಿಂತಿರುವವನಿಗೆ ಉಳಿಯುವ ದಾರಿ ಯಾವುದು? ಬ್ಯಾಂಕ್ ಕಾರ್ಡುಗಳ ಹಿಂಬದಿಯಲ್ಲಿ ಹಲವು ಬಾರಿ ಎರಡು ಸಂಖ್ಯೆಗಳಿರುತ್ತವೆ. ಒಂದು ಟೋಲ್-ಫ್ರೀ, ಇನ್ನೊಂದು + ಚಿಹ್ನೆಯಿಂದ ಆರಂಭವಾಗುವ ಮಾಮೂಲಿ ಸಂಖ್ಯೆ. ಎರಡನೆಯದಕ್ಕೆ ದತ್ತಾಂಶ ಕೋಶದ ವಿಚಾರಣೆ ಬೇಡ, ವಿಶೇಷ ಒಪ್ಪಂದವೂ ಬೇಡ. ಹಣ ಕರೆಯ ಜೊತೆಯಲ್ಲೇ ಸಾಗುವ ಹಳೆಯ ಸೂತ್ರದಂತೆ ಅದು ಎಲ್ಲಿಂದಲೂ ತಲುಪುತ್ತದೆ. ತೊಡಕೆಂದರೆ ಕಾರ್ಡು ಕಳೆದವನ ಬಳಿ ಕಾರ್ಡೇ ಇರುವುದಿಲ್ಲ, ಆದ್ದರಿಂದ ಆ ಸಂಖ್ಯೆಯನ್ನು ಹೊರಡುವ ಮುನ್ನವೇ ಫೋನಿನಲ್ಲೂ ಒಂದು ಕಾಗದದಲ್ಲೂ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಇಂಟರ್ನೆಟ್ ಮೂಲಕ ಕರೆ ಮಾಡುವ ಕೆಲವು ಸೇವೆಗಳಿಂದ ಪರದೇಶದ ಟೋಲ್-ಫ್ರೀ ಸಂಖ್ಯೆಗೂ ಉಚಿತವಾಗಿ ಮಾತನಾಡಬಹುದು. ಮಾತು ಇಂಟರ್ನೆಟ್ ಮೇಲೇರಿ ಗಡಿ ದಾಟಿ, ಸಂಖ್ಯೆ ಇರುವ ದೇಶದೊಳಗಿನ ಒಂದು ಯಂತ್ರವನ್ನು ಸೇರುತ್ತದೆ, ದೂರವಾಣಿ ಜಾಲಕ್ಕೆ ಇಳಿಯುವುದು ಅಲ್ಲಿಂದಲೇ. ಕರೆ ಎಲ್ಲಿಂದ ಹೊರಟಿತೆಂಬುದು ಅಲ್ಲಿನ ಎಕ್ಸ್‌ಚೇಂಜ್‌ಗೆ ತಿಳಿಯದು. ಅದರ ಪಾಲಿಗೆ ಅದು ಪಕ್ಕದ ಬೀದಿಯಿಂದ ಬಂದ ಕರೆ.